ಚಾರ್ಜರ್ ಹಾಕಿದರೆ ಲ್ಯಾಪ್‌ಟಾಪ್ ನಿಧಾನವಾಗುತ್ತದೆಯೇ? ಕಾರಣ ಹುಡುಕುವ ಕ್ರಮ ಇಲ್ಲಿದೆ

ಬ್ಯಾಟರಿಯಲ್ಲಿ ಓಡುವಾಗ ಕೊಂಚ ನಿಧಾನ, ಚಾರ್ಜರ್ ಸಿಕ್ಕಿಸಿದರೆ ಚುರುಕು. ಲ್ಯಾಪ್‌ಟಾಪ್‌ಗಳ ಸಹಜ ನಡವಳಿಕೆ ಇದು. ಬ್ಯಾಟರಿ ಉಳಿಸಲೆಂದು ಪ್ರೊಸೆಸರ್‌ಗೆ ಹಾಕಿದ ಕಡಿವಾಣವನ್ನು ಕರೆಂಟ್ ಸಿಕ್ಕಾಗ ವಿಂಡೋಸ್ ಸಡಿಲಿಸುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಮಾತ್ರ ಇದು ತಿರುಗುಮುರುಗು. ಬ್ಯಾಟರಿಯಲ್ಲಿ ಚೆನ್ನಾಗಿ ಓಡುತ್ತಿದ್ದದ್ದು, ಪ್ಲಗ್ ಹಾಕಿದ ಕೆಲವೇ ಸೆಕೆಂಡುಗಳಲ್ಲಿ ಒದ್ದಾಡತೊಡಗುತ್ತದೆ. ಟೈಪ್ ಮಾಡಿದ ಅಕ್ಷರ ಪರದೆಗೆ ಬರುವುದು ತಡ, ವಿಡಿಯೊ ತಡವರಿಸುತ್ತದೆ, ಮೌಸ್ ಎಳೆದಲ್ಲಿಗೆ ಬರುವುದಿಲ್ಲ.

ಇದನ್ನು ಹೇಳಿಕೊಂಡು ಅಂಗಡಿಗೆ ಹೋದರೆ ಸಾಮಾನ್ಯವಾಗಿ ಬರುವ ಸಲಹೆಗಳು ಮೂರು: ಫಾರ್ಮ್ಯಾಟ್ ಮಾಡಿಸಿ, ರ‍್ಯಾಮ್ ಹೆಚ್ಚಿಸಿ, ಎಸ್‌ಎಸ್‌ಡಿ ಹಾಕಿಸಿ. ಈ ದೋಷಕ್ಕೆ ಮೂರೂ ಮದ್ದಲ್ಲ. ರ‍್ಯಾಮ್ ಕಡಿಮೆಯಿದ್ದರೆ ಬ್ಯಾಟರಿಯಲ್ಲೂ ಅಷ್ಟೇ ನಿಧಾನವಾಗಬೇಕಿತ್ತು. ಪ್ಲಗ್ ಹಾಕಿದಾಗ ಮಾತ್ರ ಬದಲಾಗುವ ಸಂಗತಿಗಳು ಕೆಲವೇ ಕೆಲವು: ಚಾರ್ಜರ್ ಕೊಡುವ ವಿದ್ಯುತ್ತು, ಅದರಿಂದ ಏಳುವ ಶಾಖ, ವಿಂಡೋಸ್‌ನ ಪವರ್ ಸೆಟ್ಟಿಂಗ್, ಕರೆಂಟ್ ಬರಲೆಂದು ಕಾಯುತ್ತಿದ್ದ ಹಿನ್ನೆಲೆ ಕೆಲಸಗಳು, ಮತ್ತು ಗೋಡೆಯ ಸಾಕೆಟ್‌ನ ಅರ್ತಿಂಗ್. ಇವುಗಳಲ್ಲಿ ಯಾವುದು ಎಂದು ತಿಳಿಯಲು ಹಣ ಬೇಡ, ಹತ್ತು ನಿಮಿಷ ಸಾಕು.

ಮೊದಲು ಒಂದು ಅಂಕಿ ನೋಡಿ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್, ಆಮೇಲೆ ಸಿಪಿಯು ಒತ್ತಿದರೆ ಗ್ರಾಫ್‌ನ ಕೆಳಗೆ 'ಸ್ಪೀಡ್' ಎಂದು ಗಿಗಾಹರ್ಟ್ಸ್‌ನಲ್ಲಿ ಒಂದು ಅಂಕಿ ಕಾಣುತ್ತದೆ. ಅದರ ಪಕ್ಕದಲ್ಲಿ 'ಬೇಸ್ ಸ್ಪೀಡ್' ಇರುತ್ತದೆ. ಎರಡನ್ನೂ ಬರೆದಿಟ್ಟುಕೊಳ್ಳಿ.

ಸುಮ್ಮನೆ ಕುಳಿತ ಪ್ರೊಸೆಸರ್ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಹಾಗಾಗಿ ಕೆಲಸ ಕೊಡದೆ ಈ ಅಂಕಿ ನೋಡಿ ಗಾಬರಿಯಾಗಬಾರದು. ಫೋಟೊಗಳಿರುವ ದೊಡ್ಡ ಫೋಲ್ಡರ್ ಒಂದನ್ನು ಜಿಪ್ ಮಾಡಲು, ಅಂದರೆ ಒಂದೇ ಫೈಲ್ ಆಗಿ ಕುಗ್ಗಿಸಲು ಹಚ್ಚಿ. ಮೊದಲು ಚಾರ್ಜರ್ ತೆಗೆದು ಒಂದು ನಿಮಿಷ ಅಂಕಿ ಗಮನಿಸಿ, ಆಮೇಲೆ ಚಾರ್ಜರ್ ಹಾಕಿ ಹತ್ತು ನಿಮಿಷ ಗಮನಿಸಿ. ಸಿಗುವ ಚಿತ್ರ ಹೀಗಿರಬಹುದು:

ಚಾರ್ಜರ್ ಹಾಕಿದ ಕೂಡಲೇ ಅಂಕಿ 0.4 ಅಥವಾ 0.8ರ ಆಸುಪಾಸಿಗೆ ಬಿದ್ದು, ಎಷ್ಟು ಕೆಲಸ ಕೊಟ್ಟರೂ ಮೇಲೇಳದಿದ್ದರೆ ಚಾರ್ಜರ್ ಅಥವಾ ಸೆಟ್ಟಿಂಗ್ ಮೇಲೆ ಅನುಮಾನ. ಮೊದಲ ಕೆಲವು ನಿಮಿಷ 3ಕ್ಕಿಂತ ಮೇಲಿದ್ದು, ಫ್ಯಾನ್ ಜೋರಾಗಿ ತಿರುಗತೊಡಗಿದ ಮೇಲೆ ಮೆಲ್ಲಗೆ ಜಾರುತ್ತ ಹೋದರೆ ಅದು ಶಾಖ. ವೇಗ ಚೆನ್ನಾಗಿಯೇ ಇದೆ, ಆದರೆ ಜಿಪ್ ಕೆಲಸ ಮುಗಿದ ಮೇಲೂ ಸಿಪಿಯು ಅಥವಾ ಡಿಸ್ಕ್ ಬಳಕೆ ಶೇ 100ರ ಹತ್ತಿರ ನಿಂತಿದ್ದರೆ ಹಿನ್ನೆಲೆ ಕೆಲಸ. ವೇಗವೂ ಸರಿ, ಬಳಕೆಯೂ ಕಡಿಮೆ, ಕರ್ಸರ್ ಮಾತ್ರ ಕುಣಿಯುತ್ತಿದ್ದರೆ ಅರ್ತಿಂಗ್.

ಸೆಟ್ಟಿಂಗ್: ಎರಡು ನಿಮಿಷದ ಕೆಲಸ

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಪವರ್ ಆ್ಯಂಡ್ ಬ್ಯಾಟರಿ ತೆರೆದು 'ಪವರ್ ಮೋಡ್' ನೋಡಿ. ಚಾರ್ಜರ್ ಹಾಕಿದಾಗ ಒಂದು, ಬ್ಯಾಟರಿಯಲ್ಲಿ ಇನ್ನೊಂದು ಎಂದು ಇದು ಬೇರೆ ಬೇರೆಯಾಗಿ ನೆನಪಿರುತ್ತದೆ. ಚಾರ್ಜರ್ ಹಾಕಿಕೊಂಡೇ ನೋಡಿ; 'ಬೆಸ್ಟ್ ಪವರ್ ಎಫಿಶಿಯೆನ್ಸಿ' ಇದ್ದರೆ 'ಬ್ಯಾಲೆನ್ಸ್‌ಡ್' ಮಾಡಿ.

ಆಮೇಲೆ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ, ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್‌ನಲ್ಲಿ 'ಪ್ರೊಸೆಸರ್ ಪವರ್ ಮ್ಯಾನೇಜ್‌ಮೆಂಟ್' ಬಿಡಿಸಿ. 'ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್' ಅಡಿಯಲ್ಲಿ 'ಪ್ಲಗ್ಡ್ ಇನ್' ಎದುರು 100 ಇರಬೇಕು. ಬಿಸಿ ಕಡಿಮೆಯಾಗಲೆಂದು ಅಲ್ಲಿ 99 ಹಾಕುವ ಉಪಾಯ ಬಹಳ ಜನರಿಗೆ ಗೊತ್ತು. ಹಾಗೆ ಮಾಡಿದರೆ ಟರ್ಬೊ ಬೂಸ್ಟ್ ಪೂರ್ತಿ ನಿಲ್ಲುತ್ತದೆ, ವೇಗ ಬೇಸ್ ಸ್ಪೀಡ್ ದಾಟುವುದಿಲ್ಲ. ಅದೇ ಪಟ್ಟಿಯಲ್ಲಿ 'ಸಿಸ್ಟಮ್ ಕೂಲಿಂಗ್ ಪಾಲಿಸಿ' ಇದ್ದರೆ ಅದು 'ಆ್ಯಕ್ಟಿವ್' ಆಗಿರಲಿ. 'ಪ್ಯಾಸಿವ್' ಇದ್ದರೆ, ಬಿಸಿಯಾದಾಗ ಫ್ಯಾನ್ ಜೋರು ಮಾಡುವ ಮೊದಲೇ ಪ್ರೊಸೆಸರ್ ವೇಗ ಇಳಿಸಲಾಗುತ್ತದೆ. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಸಾಲುಗಳೇ ಕಾಣುವುದಿಲ್ಲ. ಅಲ್ಲಿ ಪವರ್ ಮೋಡ್ ಒಂದನ್ನೇ ನೋಡಿದರೆ ಸಾಕು.

ತಯಾರಕರ ಆ್ಯಪ್ ಇದ್ದರೆ ಅದನ್ನೂ ತೆರೆಯಿರಿ. ಲೆನೊವೊದ ಹಲವು ಮಾದರಿಗಳಲ್ಲಿ ಎಫ್‌ಎನ್ ಮತ್ತು ಕ್ಯು ಕೀಲಿ ಒಟ್ಟಿಗೆ ತಾಗಿದರೆ ಮೋಡ್ ಬದಲಾಗಿ 'ಕ್ವಯಟ್'ಗೆ ಬಂದು ನಿಲ್ಲಬಹುದು. ಗೊತ್ತಿಲ್ಲದೆ ಒತ್ತಿ ತಿಂಗಳುಗಟ್ಟಲೆ ನಿಧಾನಗತಿಯಲ್ಲೇ ಕೆಲಸ ಮಾಡುವವರಿದ್ದಾರೆ.

ಚಾರ್ಜರ್: ಹೆಚ್ಚಿನ ಸಲ ದೋಷ ಇಲ್ಲೇ

ಸೆಟ್ಟಿಂಗ್ ಎಲ್ಲ ಸರಿಯಿದ್ದೂ ಅಂಕಿ 0.4 ಅಥವಾ 0.8ರಲ್ಲೇ ಅಂಟಿಕೊಂಡಿದ್ದರೆ, ಲ್ಯಾಪ್‌ಟಾಪ್ ತನಗೆ ಬಂದ ಚಾರ್ಜರನ್ನು ನಂಬುತ್ತಿಲ್ಲ ಎಂದರ್ಥ. ಇದರ ಒಳಗುಟ್ಟು ತಿಳಿದರೆ ಮುಂದಿನ ಹೆಜ್ಜೆಗಳು ಸಲೀಸು.

ಡೆಲ್ ಮತ್ತು ಎಚ್‌ಪಿಯ ದುಂಡನೆಯ ಪಿನ್ ನೋಡಿ. ಅದರ ನಡುವೆ ಸೂಜಿಯಂಥ ಒಂದು ತೆಳು ಪಿನ್ ಇರುತ್ತದೆ. ಅದು ವಿದ್ಯುತ್ ಒಯ್ಯುವುದಕ್ಕಲ್ಲ. ಚಾರ್ಜರ್‌ನ ಗುರುತು ಹೇಳುವುದಕ್ಕೆ. ಡೆಲ್ ಚಾರ್ಜರ್ ಒಳಗೆ ಪುಟ್ಟ ಚಿಪ್ ಇದ್ದು, 'ನಾನು 65 ವಾಟ್‌ನವನು' ಎಂದು ಆ ತೆಳು ತಂತಿಯ ಮೂಲಕ ತಿಳಿಸುತ್ತದೆ. ವೈರು ದಿನವೂ ಬಾಗಿ ಬಾಗಿ ಪಿನ್‌ನ ಬುಡದಲ್ಲಿ ಮೊದಲು ತುಂಡಾಗುವುದು ಈ ತೆಳು ತಂತಿಯೇ. ಆಗ ದಪ್ಪ ತಂತಿಗಳಲ್ಲಿ ವಿದ್ಯುತ್ ಬರುತ್ತಲೇ ಇರುತ್ತದೆ, ದೀಪ ಉರಿಯುತ್ತದೆ, ಲ್ಯಾಪ್‌ಟಾಪ್ ಆನ್ ಆಗುತ್ತದೆ, ಆದರೆ ಚಾರ್ಜರ್ ಎಷ್ಟು ವಾಟ್‌ನದೆಂದು ಅದಕ್ಕೆ ತಿಳಿಯುವುದಿಲ್ಲ. ಗೊತ್ತಿಲ್ಲದ ಚಾರ್ಜರ್‌ನಿಂದ ಹೆಚ್ಚು ಎಳೆದರೆ ಅದು ಸುಟ್ಟೀತೆಂದು ಬ್ಯಾಟರಿ ಚಾರ್ಜ್ ನಿಲ್ಲಿಸಿ, ಪ್ರೊಸೆಸರನ್ನು ಕನಿಷ್ಠ ವೇಗಕ್ಕೆ ಇಳಿಸುತ್ತದೆ. ಅಗ್ಗದ ಡೂಪ್ಲಿಕೇಟ್ ಚಾರ್ಜರ್‌ಗಳಲ್ಲಿ ಆ ಚಿಪ್ಪೇ ಇಲ್ಲದಿದ್ದರೂ ಫಲ ಅದೇ.

ಪರೀಕ್ಷೆ ಹೀಗೆ. ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಿ, ಚಾರ್ಜರ್ ಹಾಕಿ, ಆನ್ ಮಾಡುತ್ತಲೇ ಬಯೋಸ್ (ವಿಂಡೋಸ್‌ಗೂ ಮೊದಲು ಬರುವ ಮೂಲ ಸೆಟ್ಟಿಂಗ್ ಪರದೆ) ತೆರೆಯಿರಿ. ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10. ಡೆಲ್ ಬಯೋಸ್‌ನ ಬ್ಯಾಟರಿ ಮಾಹಿತಿಯ ಬಳಿ ಎಸಿ ಅಡಾಪ್ಟರ್ ಎಷ್ಟು ವಾಟ್ ಎಂದು ಬರೆದಿರುತ್ತದೆ. ಅಲ್ಲಿ 65 ಅಥವಾ 45 ಎಂದಿರುವ ಬದಲು 'ಅನ್‌ನೋನ್' ಅಥವಾ 'ನನ್' ಎಂದಿದ್ದರೆ ಕಳ್ಳ ಸಿಕ್ಕಂತೆ. ಆನ್ ಆಗುವಾಗಲೇ ಅಡಾಪ್ಟರ್‌ನ ಬಗೆ ತಿಳಿಯುತ್ತಿಲ್ಲ ಎಂಬ ಎಚ್ಚರಿಕೆ ಬರುತ್ತಿದ್ದು ನೀವು ಎಂಟರ್ ಒತ್ತಿ ಮುಂದೆ ಹೋಗುತ್ತಿದ್ದರೆ, ಅದು ಹೇಳುತ್ತಿದ್ದುದೂ ಇದನ್ನೇ.

ಮುಂದಿನ ಹೆಜ್ಜೆ ಲೇಬಲ್ ಓದುವುದು. ಚಾರ್ಜರ್ ಇಟ್ಟಿಗೆಯ ಮೇಲೆ 'ಔಟ್‌ಪುಟ್' ಎದುರು ವೋಲ್ಟ್ ಮತ್ತು ಆಂಪಿಯರ್ ಇರುತ್ತವೆ. ಎರಡನ್ನೂ ಗುಣಿಸಿದರೆ ವಾಟ್. 19.5 ವೋಲ್ಟ್, 2.31 ಆಂಪಿಯರ್ ಇದ್ದರೆ 45 ವಾಟ್, 19.5 ಮತ್ತು 3.34 ಇದ್ದರೆ 65, 19.5 ಮತ್ತು 4.62 ಇದ್ದರೆ 90. ಏಸರ್, ಆಸುಸ್‌ಗಳಲ್ಲಿ 19 ವೋಲ್ಟ್, 3.42 ಆಂಪಿಯರ್ ಎಂದಿರುವುದು ಸಾಮಾನ್ಯ. ಅದೂ 65 ವಾಟ್. ಲ್ಯಾಪ್‌ಟಾಪ್ ಬೆನ್ನಿನ ಮೇಲಿನ ಲೇಬಲ್‌ನಲ್ಲಿ 'ಇನ್‌ಪುಟ್' ಎದುರು ಇರುವ ಲೆಕ್ಕದ ಜೊತೆ ಹೋಲಿಸಿ. ವೋಲ್ಟ್ ಎರಡರಲ್ಲೂ ಒಂದೇ ಇರಬೇಕು, ಆಂಪಿಯರ್ ಚಾರ್ಜರ್‌ನಲ್ಲಿ ಸಮ ಅಥವಾ ಹೆಚ್ಚಿರಬೇಕು. ಆಂಪಿಯರ್ ಹೆಚ್ಚಿದ್ದರೆ ಹಾನಿಯಿಲ್ಲ, ಲ್ಯಾಪ್‌ಟಾಪ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಮನೆಯಲ್ಲಿ ಎರಡು ಲ್ಯಾಪ್‌ಟಾಪ್ ಇದ್ದು ಚಾರ್ಜರ್‌ಗಳು ಅದಲುಬದಲಾದಾಗ 65 ವಾಟ್ ಬೇಕಾದದ್ದಕ್ಕೆ 45 ವಾಟ್‌ನದ್ದು ಸಿಕ್ಕಿ ಈ ತೊಂದರೆ ಶುರುವಾಗಿರುವುದು ಬಹಳ ಸಲ.

ಲೇಬಲ್ ಸರಿಯಿದ್ದೂ ಗುರುತು ಸಿಗದಿದ್ದರೆ, ಅಷ್ಟೇ ವಾಟ್‌ನ, ಅದೇ ಕಂಪನಿಯ ಇನ್ನೊಂದು ಅಸಲಿ ಚಾರ್ಜರನ್ನು ಸ್ನೇಹಿತರಿಂದ ತಂದು ಹಾಕಿ ನೋಡಿ. ವೇಗ ಮರಳಿದರೆ ನಿಮ್ಮ ಚಾರ್ಜರ್ ಕೆಟ್ಟಿದೆ. ಮರಳದಿದ್ದರೆ ಲ್ಯಾಪ್‌ಟಾಪ್‌ನ ಡಿಸಿ ಜ್ಯಾಕ್, ಅಂದರೆ ಚಾರ್ಜರ್ ಪಿನ್ ಸಿಕ್ಕಿಸುವ ಕಿಂಡಿ ನೋಡಬೇಕು. ಟಾರ್ಚ್ ಹಿಡಿದು ಒಳಗೆ ದೂಳು ಅಥವಾ ಸೊಟ್ಟಗಾದ ಭಾಗ ಇದೆಯೇ ಗಮನಿಸಿ. ಹಲವು ಮಾದರಿಗಳಲ್ಲಿ ಜ್ಯಾಕ್ ಪುಟ್ಟ ವೈರಿನ ಸಮೇತ ಪ್ರತ್ಯೇಕ ಬಿಡಿಭಾಗವಾಗಿ ಸಿಗುತ್ತದೆ. ಅದನ್ನು ಬದಲಿಸುವುದು ಮದರ್‌ಬೋರ್ಡ್ ಕೆಲಸಕ್ಕಿಂತ ಎಷ್ಟೋ ಅಗ್ಗ.

ಹೊಸ ಚಾರ್ಜರ್ ಕೊಳ್ಳುವಾಗ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಾಗಲಿ ಊರಿನ ಅಂಗಡಿಯಲ್ಲಾಗಲಿ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು ಕೇಳಿ. ಅದರ ಬಳಿ 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರುತ್ತದೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ತಯಾರಕರ, ಯಾವ ವಸ್ತುವಿಗೆ ಅದು ಸೇರಿದ್ದೆಂದು ಗೊತ್ತಾಗುತ್ತದೆ. ಹಣ ಕೊಡುವ ಮೊದಲು ಅಲ್ಲೇ ನಿಂತು ನೋಡಿ. ಹಗುರವಾಗಿ, ಟೊಳ್ಳಾಗಿ ಅನ್ನಿಸುವ ಚಾರ್ಜರ್ ಬೇಡ.

ಟೈಪ್-ಸಿ ಚಾರ್ಜರ್ ಆದರೆ

ಇಲ್ಲಿ ಗುರುತಿನ ಪಿನ್ ಇಲ್ಲ. ಚಾರ್ಜರ್, ಕೇಬಲ್ ಮತ್ತು ಲ್ಯಾಪ್‌ಟಾಪ್ ಪವರ್ ಡೆಲಿವರಿ ಎಂಬ ನಿಯಮದಂತೆ ಮಾತಾಡಿಕೊಂಡು ಎಷ್ಟು ವಿದ್ಯುತ್ ಎಂದು ತೀರ್ಮಾನಿಸುತ್ತವೆ. ಸಾಮಾನ್ಯ ಕೇಬಲ್ 3 ಆಂಪಿಯರ್‌ವರೆಗೆ ಮಾತ್ರ, ಅಂದರೆ 20 ವೋಲ್ಟ್‌ನಲ್ಲಿ 60 ವಾಟ್. ಅದಕ್ಕಿಂತ ಹೆಚ್ಚು ಬೇಕೆಂದರೆ ಒಳಗೆ ಗುರುತಿನ ಚಿಪ್ ಇರುವ 5 ಆಂಪಿಯರ್ ಕೇಬಲ್ ಬೇಕು. 100 ವಾಟ್ ಚಾರ್ಜರ್ ತಂದು ಹಳೆಯ ಫೋನ್ ಕೇಬಲ್ ಹಾಕಿದರೆ 100 ವಾಟ್ ಬರುವುದಿಲ್ಲ.

ಫೋನ್ ಚಾರ್ಜರ್ ವಿಷಯದಲ್ಲಿ ಮೋಸ ಹೋಗುವುದು ಸುಲಭ. ಡಬ್ಬದ ಮೇಲೆ 67 ಅಥವಾ 80 ವಾಟ್ ಎಂದಿದ್ದರೂ ಆ ವೇಗ ಹಲವು ಸಲ ಅದೇ ಕಂಪನಿಯ ಫೋನ್‌ಗೆ ಮಾತ್ರ ಮೀಸಲು. ಲ್ಯಾಪ್‌ಟಾಪ್‌ಗೆ ಸಿಗುವುದು ಅದರ ಒಂದು ಪಾಲು ಇರಬಹುದು. ಲೇಬಲ್‌ನಲ್ಲಿ 20 ವೋಲ್ಟ್ ಎದುರು ಎಷ್ಟು ಆಂಪಿಯರ್ ಇದೆ ಎಂಬುದೊಂದೇ ಇಲ್ಲಿ ಲೆಕ್ಕಕ್ಕೆ ಬರುವ ಸಾಲು. ಎರಡು ಮೂರು ಪೋರ್ಟ್‌ಗಳ ಚಾರ್ಜರ್‌ನಲ್ಲಿ ಪಕ್ಕದಲ್ಲೇ ಫೋನ್ ಸಿಕ್ಕಿಸಿದರೆ ಲ್ಯಾಪ್‌ಟಾಪ್‌ನ ಪಾಲು ಇಳಿಯುತ್ತದೆ. ಫೋನ್ ಕಿತ್ತು ಮತ್ತೆ ಅಂಕಿ ನೋಡಿ. ಪ್ಲಗ್ ಹಾಕಿದ್ದರೂ ಬ್ಯಾಟರಿ ಶೇಕಡಾವಾರು ಇಳಿಯುತ್ತಲೇ ಇದ್ದರೆ ವಿದ್ಯುತ್ ಸಾಲುತ್ತಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಲ್ಯಾಪ್‌ಟಾಪ್‌ನಲ್ಲಿ ಎರಡು ಟೈಪ್-ಸಿ ಕಿಂಡಿಗಳಿದ್ದರೆ ಪ್ಲಗ್ ಅಥವಾ ಬ್ಯಾಟರಿ ಚಿಹ್ನೆ ಇರುವ ಕಿಂಡಿಯನ್ನೇ ಬಳಸಿ.

ರೀಸೆಟ್, ಬ್ಯಾಟರಿ ಮತ್ತು ಒಂದು ಎಚ್ಚರಿಕೆ

ಚಾರ್ಜರ್ ಸರಿಯಿದ್ದೂ ಲ್ಯಾಪ್‌ಟಾಪ್ ಅದನ್ನು ಗುರುತಿಸದೆ ಹಟ ಹಿಡಿಯುವುದುಂಟು. ಪವರ್ ನೋಡಿಕೊಳ್ಳುವ ಪುಟ್ಟ ನಿಯಂತ್ರಕ ಚಿಪ್ ಹಳೆಯ ಸ್ಥಿತಿಯಲ್ಲೇ ಸಿಕ್ಕಿಕೊಂಡಿರುತ್ತದೆ. ಶಟ್‌ಡೌನ್ ಮಾಡಿ, ಚಾರ್ಜರ್ ಮತ್ತು ಉಳಿದ ಎಲ್ಲ ವೈರು ಕಿತ್ತು, ಪವರ್ ಗುಂಡಿಯನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ಬ್ಯಾಟರಿ ಹೊರಗಿನಿಂದಲೇ ಬಿಚ್ಚುವಂಥದ್ದಾದರೆ ಒತ್ತುವ ಮೊದಲು ಅದನ್ನೂ ತೆಗೆಯಿರಿ. ಆಮೇಲೆ ಎಲ್ಲ ಮರಳಿ ಜೋಡಿಸಿ ಆನ್ ಮಾಡಿ. ಫೈಲ್‌ಗಳಿಗೆ ಏನೂ ಆಗುವುದಿಲ್ಲ. ತಯಾರಕರ ತಾಣದಲ್ಲಿ ನಿಮ್ಮ ಮಾದರಿಗೆ ಹೊಸ ಬಯೋಸ್ ಇದ್ದರೆ ಹಾಕಿ. ಹಾಕುವಾಗ ಚಾರ್ಜರ್ ಜೊತೆಗೆ ಬ್ಯಾಟರಿಯೂ ಅರ್ಧಕ್ಕಿಂತ ಹೆಚ್ಚಿರಲಿ, ನಡುವೆ ಕರೆಂಟ್ ಹೋದರೆ ಬೋರ್ಡ್ ಕೈಕೊಡಬಹುದು.

ಸತ್ತ ಬ್ಯಾಟರಿಯೂ ಪ್ಲಗ್‌ನ ಮೇಲಿನ ವೇಗ ಕುಗ್ಗಿಸಬಲ್ಲದು. ಪ್ರೊಸೆಸರ್ ಕ್ಷಣಕಾಲ ಚಾರ್ಜರ್ ಕೊಡುವುದಕ್ಕಿಂತ ಹೆಚ್ಚು ಎಳೆದಾಗ ಆ ಕೊರತೆ ತುಂಬುವುದು ಬ್ಯಾಟರಿ. ಅದು ಇಲ್ಲವೆಂದಾದರೆ ಲ್ಯಾಪ್‌ಟಾಪ್ ಮುಂಚಿತವಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಹಾಗಾಗಿ 'ಹೇಗೂ ಕೆಟ್ಟಿದೆ' ಎಂದು ಬ್ಯಾಟರಿ ಬಿಚ್ಚಿಟ್ಟು ಬರೀ ಚಾರ್ಜರ್‌ನಲ್ಲಿ ಓಡಿಸುವುದು ಒಳ್ಳೆಯ ದಾರಿಯಲ್ಲ. ಟಚ್‌ಪ್ಯಾಡ್ ಉಬ್ಬಿದ್ದರೆ, ಅಥವಾ ಮೇಜಿನ ಮೇಲೆ ಲ್ಯಾಪ್‌ಟಾಪ್ ಸಮವಾಗಿ ಕೂರದಿದ್ದರೆ ಒಳಗಿನ ಬ್ಯಾಟರಿ ಊದಿಕೊಂಡಿರುವ ಸಂಭವ ಹೆಚ್ಚು. ಆಗ ಪರೀಕ್ಷೆಗಳನ್ನು ಇಲ್ಲಿಗೇ ನಿಲ್ಲಿಸಿ, ಚಾರ್ಜರ್ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ, ರಿಪೇರಿಯವರಲ್ಲಿಗೆ ಒಯ್ಯಿರಿ.

ಇಂಟೆಲ್ ಪ್ರೊಸೆಸರ್‌ಗಳಲ್ಲಿ ಥ್ರಾಟಲ್‌ಸ್ಟಾಪ್ ಎಂಬ ಸಾಫ್ಟ್‌ವೇರ್ ಹಾಕಿ 'ಬಿಡಿ ಪ್ರೊಕ್‌ಹಾಟ್' (BD PROCHOT, ವೇಗ ಇಳಿಸೆಂದು ಪ್ರೊಸೆಸರ್‌ಗೆ ಬರುವ ಸಂಕೇತ) ಎದುರಿನ ಟಿಕ್ ತೆಗೆದರೆ ವೇಗ ಮರಳುತ್ತದೆ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಮರಳುವುದು ನಿಜ. ಆದರೆ ಆ ಸಂಕೇತ ಬರುತ್ತಿರುವುದೇ ಚಾರ್ಜಿಂಗ್ ಸರ್ಕ್ಯೂಟ್‌ನಂಥ ಬೇರೆ ಭಾಗಗಳು 'ಇಷ್ಟು ಎಳೆಯಬೇಡ' ಎಂದು ಪ್ರೊಸೆಸರ್‌ಗೆ ಹೇಳಲು. ಕಡಿಮೆ ವಾಟ್‌ನ ಅಥವಾ ಡೂಪ್ಲಿಕೇಟ್ ಚಾರ್ಜರ್ ಇಟ್ಟುಕೊಂಡು ಆ ಬಾಯಿ ಮುಚ್ಚಿಸಿದರೆ ಚಾರ್ಜರ್ ಕಾದು ಕರಗುವ ಅಪಾಯವಿದೆ. ಸರಿಯಾದ ವಾಟ್‌ನ ಅಸಲಿ ಚಾರ್ಜರ್ ಇದ್ದು, ದೋಷ ಬರೀ ಗುರುತಿನ ತಂತಿಯದ್ದೇ ಎಂದು ಖಚಿತಪಡಿಸಿಕೊಳ್ಳಲು ಹತ್ತು ನಿಮಿಷ ಬಳಸಬಹುದು. ಖಾಯಂ ಪರಿಹಾರವಾಗಿ ನಾವು ಇದನ್ನು ಹೇಳುವುದಿಲ್ಲ.

ಅಂಕಿ ಮೆಲ್ಲಗೆ ಜಾರಿದರೆ

ಪ್ಲಗ್ ಹಾಕಿದಾಗ ಪ್ರೊಸೆಸರ್‌ಗೆ ಹೆಚ್ಚು ವಾಟ್ ಬಳಸುವ ಅನುಮತಿ ಸಿಗುತ್ತದೆ. ಜೊತೆಗೆ ಬ್ಯಾಟರಿ ಚಾರ್ಜ್ ಆಗುವಾಗ ಅದರದ್ದೂ ಬಿಸಿ. ಎರಡೂ ಸೇರಿ ಒಳಗಿನ ಶಾಖ 95ರಿಂದ 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಪ್ರೊಸೆಸರ್ ತನ್ನನ್ನು ತಾನೇ ಕಾಪಾಡಿಕೊಳ್ಳಲು ವೇಗ ಇಳಿಸುತ್ತದೆ. ಬ್ಯಾಟರಿಯಲ್ಲಿ ಅಷ್ಟು ಬಿಸಿಯೇ ಏರದ ಕಾರಣ ಅಲ್ಲಿ ಚೆನ್ನಾಗಿರುತ್ತದೆ. ಎಚ್‌ಡಬ್ಲ್ಯುಇನ್‌ಫೊ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಶಾಖದ ಅಂಕಿಯ ಜೊತೆಗೆ 'ಥರ್ಮಲ್ ಥ್ರಾಟ್ಲಿಂಗ್' ಎದುರು 'ಯೆಸ್' ಎಂದು ಬಂದರೆ ಸಂಶಯವಿಲ್ಲ.

ಬ್ಯಾಟರಿ ಶೇ 100 ತುಂಬುವವರೆಗೆ ಬಿಟ್ಟು, ಆಫ್ ಮಾಡಿ ಅರ್ಧ ಗಂಟೆ ಆರಲು ಬಿಟ್ಟು, ಮತ್ತೆ ಚಾರ್ಜರ್ ಹಾಕಿಯೇ ಜಿಪ್ ಪರೀಕ್ಷೆ ಮಾಡಿ. ಈಗ ವೇಗ ಚೆನ್ನಾಗಿದ್ದು, ಬ್ಯಾಟರಿ ಖಾಲಿಯಿಂದ ತುಂಬುವಾಗ ಮಾತ್ರ ನಿಧಾನವಾಗುತ್ತಿದ್ದರೆ ಚಾರ್ಜಿಂಗ್‌ನ ಹೊರೆಯೇ ಕಾರಣ. ಲೆನೊವೊ ವ್ಯಾಂಟೇಜ್, ಮೈ ಆಸುಸ್‌ನಂಥ ಆ್ಯಪ್‌ಗಳಲ್ಲಿ ಚಾರ್ಜ್ ಶೇ 80ಕ್ಕೆ ನಿಲ್ಲುವಂತೆ ಮಾಡಿದರೆ ಇಡೀ ದಿನ ಪ್ಲಗ್‌ನಲ್ಲೇ ಇರುವ ಲ್ಯಾಪ್‌ಟಾಪ್‌ಗೆ ಒಳ್ಳೆಯದು, ಬ್ಯಾಟರಿಯ ಆಯಸ್ಸೂ ಹೆಚ್ಚುತ್ತದೆ.

ಹಾಸಿಗೆ, ದಿಂಬಿನ ಮೇಲಿಟ್ಟು ಬಳಸುವುದನ್ನು ನಿಲ್ಲಿಸಿ ಎರಡು ದಿನ ನೋಡಿ. ಆಮೇಲೂ ಬಿಸಿಯಾದರೆ ದೂಳು ತೆಗೆಯಬೇಕು. ದೂಳು ಕೂರುವುದು ಫ್ಯಾನ್ ರೆಕ್ಕೆಗಿಂತ ಹೆಚ್ಚಾಗಿ, ಫ್ಯಾನ್ ಮತ್ತು ಗಾಳಿ ಹೊರಹೋಗುವ ತಾಮ್ರದ ಪದರಗಳ ನಡುವೆ, ಕಂಬಳಿಯ ಹಾಗೆ. ಹೊರಗಿನಿಂದ ಊದಿದರೆ ಅದು ಬರುವುದಿಲ್ಲ. ಕೆಳಗಿನ ಮುಚ್ಚಳ ಬಿಚ್ಚಿ, ಮೊದಲು ಬ್ಯಾಟರಿ ಕನೆಕ್ಟರ್ ಕಳಚಿ, ಫ್ಯಾನ್ ತಿರುಗದಂತೆ ಕಡ್ಡಿ ಅಡ್ಡ ಹಿಡಿದು, ಮೆತ್ತನೆಯ ಬ್ರಷ್‌ನಿಂದ ತೆಗೆಯಿರಿ. ವ್ಯಾಕ್ಯೂಮ್ ಕ್ಲೀನರ್ ಬೇಡ, ಅದರ ಸ್ಥಿರ ವಿದ್ಯುತ್ತು ಬೋರ್ಡ್‌ಗೆ ಹಾನಿ ಮಾಡಬಲ್ಲದು. ಕೆಲವು ವರ್ಷ ಹಳೆಯದಾದರೆ, ಪ್ರೊಸೆಸರ್‌ನ ಬಿಸಿಯನ್ನು ಅದರ ಮೇಲಿನ ಲೋಹದ ಹೀಟ್‌ಸಿಂಕ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿರಬಹುದು. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಅಕ್ಕಿಕಾಳಿನಷ್ಟು ಹೊಸ ಪೇಸ್ಟ್ ಹಾಕಿ, ಹೀಟ್‌ಸಿಂಕ್ ಮೇಲೆ ಬರೆದ ಸಂಖ್ಯೆಯ ಕ್ರಮದಲ್ಲೇ ಸ್ಕ್ರೂ ಬಿಗಿಯಿರಿ. ಪಕ್ಕದ ಚಿಪ್‌ಗಳ ಮೇಲಿನ ರಬ್ಬರಿನಂಥ ಪ್ಯಾಡ್‌ಗಳನ್ನು ಎಸೆದು ಅಲ್ಲೂ ಪೇಸ್ಟ್ ಬಳಿಯಬೇಡಿ. ಅವುಗಳ ದಪ್ಪ ಬೇಕೆಂದೇ ಇಟ್ಟಿದ್ದು.

ವೇಗವಿದೆ, ಬಳಕೆಯೇ ಶೇ 100

ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿ ಹೊಸ ಕೆಲಸ ಸೇರಿಸಿದಾಗ 'ಕರೆಂಟ್ ಇದ್ದರೆ ಮಾತ್ರ ಶುರುಮಾಡು' ಎಂಬ ಷರತ್ತಿಗೆ ಮೊದಲೇ ಟಿಕ್ ಬಿದ್ದಿರುತ್ತದೆ. ಹಾಗಾಗಿ ದಿನವೆಲ್ಲ ಬ್ಯಾಟರಿಯಲ್ಲಿ ಓಡಿಸಿ ಸಂಜೆ ಪ್ಲಗ್ ಹಾಕಿದರೆ ಅಪ್‌ಡೇಟ್, ಇಂಡೆಕ್ಸಿಂಗ್ (ಬೇಗ ಹುಡುಕಲೆಂದು ಫೈಲ್‌ಗಳ ಪಟ್ಟಿ ಮಾಡುವುದು), ವೈರಸ್ ತಪಾಸಣೆ ಎಲ್ಲ ಒಟ್ಟಿಗೆ ಎದ್ದು ಕೂರಬಹುದು. ಟಾಸ್ಕ್ ಮ್ಯಾನೇಜರ್‌ನ ಪ್ರೊಸೆಸಸ್ ಪಟ್ಟಿಯಲ್ಲಿ ಸಿಪಿಯು, ಆಮೇಲೆ ಡಿಸ್ಕ್ ಶೀರ್ಷಿಕೆ ಒತ್ತಿ ಮೇಲಿನ ಹೆಸರು ಓದಿ. 'ಆಂಟಿಮಾಲ್‌ವೇರ್ ಸರ್ವಿಸ್ ಎಕ್ಸಿಕ್ಯೂಟಬಲ್', 'ವಿಂಡೋಸ್ ಮಾಡ್ಯೂಲ್ಸ್ ಇನ್‌ಸ್ಟಾಲರ್ ವರ್ಕರ್', 'ಸರ್ಚ್ ಇಂಡೆಕ್ಸರ್' ಇದ್ದರೆ ಇವು ವಿಂಡೋಸ್‌ನವೇ. ಒಂದು ರಾತ್ರಿ ಚಾರ್ಜರ್ ಮತ್ತು ಇಂಟರ್ನೆಟ್ ಹಾಕಿ, ಸ್ಲೀಪ್ ಆಗದಂತೆ ಬಿಟ್ಟರೆ ಹೆಚ್ಚಿನವು ಮುಗಿಯುತ್ತವೆ. ವಿಂಡೋಸ್‌ನದೇ ವೈರಸ್ ತಡೆ ಸಾಫ್ಟ್‌ವೇರ್ ಆದ ಡಿಫೆಂಡರ್ ಆಫ್ ಮಾಡಬೇಡಿ. ಗೊತ್ತಿಲ್ಲದ ಹೆಸರು ದಿನವೂ ಪ್ಲಗ್ ಹಾಕಿದಾಗಲೇ ಮೇಲೇಳುತ್ತಿದ್ದರೆ ಡಿಫೆಂಡರ್‌ನಲ್ಲಿ ಪೂರ್ಣ ತಪಾಸಣೆ ನಡೆಸಿ.

ಕರ್ಸರ್ ಮಾತ್ರ ಕುಣಿದರೆ

ಇದು ನಿಧಾನವಲ್ಲ, ಹಾಗೆ ಅನ್ನಿಸುತ್ತದೆ. ಚಾರ್ಜರ್ ಒಳಗಿನ ಫಿಲ್ಟರ್‌ನಿಂದ ಅತಿ ಕಡಿಮೆ ಪ್ರಮಾಣದ ವಿದ್ಯುತ್ ಸೋರುವುದು ಸಹಜ. ಅದು ಅರ್ತ್‌ಗೆ ಹೋಗಬೇಕು. ಹಳೆಯ ಮನೆಯ ಸಾಕೆಟ್‌ನಲ್ಲಿ ಅರ್ತ್ ವೈರೇ ಇಲ್ಲದಿದ್ದರೆ, ಅಥವಾ ಮೂರು ಪಿನ್ನಿನ ಪ್ಲಗ್‌ಗೆ ಎರಡು ಪಿನ್ನಿನ ಕನ್ವರ್ಟರ್ ಹಾಕಿದ್ದರೆ, ಅದು ಲ್ಯಾಪ್‌ಟಾಪ್‌ನ ಮೈಯಲ್ಲೇ ಉಳಿದು ಬೆರಳಿನ ಸ್ಪರ್ಶ ಅಳೆಯುವ ಟಚ್‌ಪ್ಯಾಡ್ ಗೊಂದಲಕ್ಕೆ ಬೀಳುತ್ತದೆ. ಲೋಹದ ಮೈ ಸವರಿದಾಗ ಜುಮ್ಮೆನ್ನುವುದೂ ಇದರಿಂದಲೇ. ಯುಎಸ್‌ಬಿ ಮೌಸ್ ಹಾಕಿದರೆ ಎಲ್ಲ ಸರಿಯೆನಿಸಿದರೆ ಅನುಮಾನ ಗಟ್ಟಿಯಾಯಿತು. ಕನ್ವರ್ಟರ್ ತೆಗೆದು ಅರ್ತ್ ಇರುವ ಸಾಕೆಟ್‌ಗೆ ಬದಲಿಸಿ, ಮನೆಯ ಅರ್ತಿಂಗನ್ನು ಎಲೆಕ್ಟ್ರಿಷಿಯನ್‌ರಿಂದ ಪರೀಕ್ಷೆ ಮಾಡಿಸಿ. ಫೇಸ್ ಮತ್ತು ಅರ್ತ್ ನಡುವೆ 230 ವೋಲ್ಟ್ ಆಸುಪಾಸು, ನ್ಯೂಟ್ರಲ್ ಮತ್ತು ಅರ್ತ್ ನಡುವೆ ಕೆಲವೇ ವೋಲ್ಟ್ ಬರಬೇಕು. ಈ ಅಳತೆ ನೀವೇ ಮಾಡಲು ಹೋಗಬೇಡಿ.

ಮ್ಯಾಕ್‌ಬುಕ್ ಇರುವವರಿಗೆ

2016ರಿಂದ 2019ರ ನಡುವಿನ ಇಂಟೆಲ್ ಮ್ಯಾಕ್‌ಬುಕ್ ಪ್ರೊಗಳಲ್ಲಿ ಎರಡೂ ಬದಿಗೆ ಟೈಪ್-ಸಿ ಕಿಂಡಿಗಳಿರುವ ಮಾದರಿಯಾದರೆ, ಚಾರ್ಜರನ್ನು ಎಡದಿಂದ ಬಲಕ್ಕೆ ಬದಲಿಸಿ ನೋಡಿ. ಆ್ಯಕ್ಟಿವಿಟಿ ಮಾನಿಟರ್‌ನಲ್ಲಿ (ಮ್ಯಾಕ್‌ನ ಟಾಸ್ಕ್ ಮ್ಯಾನೇಜರ್) 'ಕರ್ನಲ್ ಟಾಸ್ಕ್' ಸಿಪಿಯು ತಿನ್ನುತ್ತಿರುವಂತೆ ಕಾಣುವುದು, ಬಿಸಿ ಇಳಿಸಲೆಂದು ಬೇರೆ ಕೆಲಸಗಳಿಗೆ ಪ್ರೊಸೆಸರ್ ಸಿಗದಂತೆ ಅದು ತಡೆಯುತ್ತಿರುವುದರಿಂದ. ಎಡಬದಿಯಲ್ಲಿ ಚಾರ್ಜರ್ ಜೊತೆ ಬೇರೆ ಸಾಧನವೂ ಇದ್ದರೆ ಆ ಭಾಗ ಬೇಗ ಕಾಯುತ್ತದೆ.

ಇಷ್ಟಾಗಿಯೂ ರಿಪೇರಿಗೆ ಒಯ್ಯಬೇಕಾದರೆ ಲ್ಯಾಪ್‌ಟಾಪ್ ಜೊತೆ ಚಾರ್ಜರ್ ಮತ್ತು ಬರೆದಿಟ್ಟ ಅಂಕಿಗಳನ್ನೂ ಒಯ್ಯಿರಿ. 'ಸ್ಲೋ ಆಗಿದೆ' ಎನ್ನುವ ಬದಲು 'ಬ್ಯಾಟರಿಯಲ್ಲಿ 3.2 ಗಿಗಾಹರ್ಟ್ಸ್ ಬರುತ್ತದೆ, ಪ್ಲಗ್ ಹಾಕಿದರೆ 0.79ಕ್ಕೆ ನಿಲ್ಲುತ್ತದೆ' ಎಂದು ನಿಮ್ಮ ಅಂಕಿಗಳನ್ನೇ ಹೇಳಿ. ಮುಚ್ಚಳ ಬಿಚ್ಚುವ ಮೊದಲು ಅವರಲ್ಲಿರುವ ಅದೇ ವಾಟ್‌ನ ಅಸಲಿ ಚಾರ್ಜರ್ ಹಾಕಿ ನಿಮ್ಮೆದುರೇ ಟಾಸ್ಕ್ ಮ್ಯಾನೇಜರ್ ತೆರೆಯಲು ಕೇಳಿ.